ಬಿಟ್ಟಿ ನೀರಿನ ಅಕ್ಕ

ನಮ್ಮಕ್ಕ ಎಂಜಲು ಕೈಯಲ್ಲಿ ಕಾಗೆ ಓಡಿಸೋಳಲ್ಲ. ಇದನ್ನ ನಾನು ಬೆನ್ನ ಹಿಂದೆ ಆಡ್ತಿಲ್ಲ, ಅವಳೆದುರಿಗೇ ನೂರು ಸಲ ಹೇಳಿದ್ದೀನಿ. ಸೋಪು ಸವೆದು ಬಿಲ್ಲೆಯಾದ್ರೆ ಹೊಸ ಸೋಪಿನ ಬೆನ್ನಿಗೆ ಅಂಟಿಸ್ತಾಳೆ. ಟೀ ಚೀಲವನ್ನ ಎರಡು ಸಲ ಅದ್ದಿ ಕುಡಿದು, ಆಮೇಲೆ ಕಣ್ಣಿನ ಮೇಲೆ ಇಟ್ಕೊಂಡು ಮಲಗ್ತಾಳೆ. ಇಸ್ತ್ರಿ ಹಬೆಗೆ ಉರಿಯೋ ಕಣ್ಣಿಗೆ ತಂಪಂತೆ. ಅಂಥವಳು ಒಂದು ಭಾನುವಾರ ನಮ್ಮನೆಗೆ ಬಂದು, ಚಪ್ಪಲಿ ಬಿಡೋಕ್ಕೂ ಮುಂಚೆ, "ಏಳು ದಿನ ಹಡಗಲ್ಲಿ ಸುತ್ತಾಡ್ಕೊಂಡು ಬರೋಣ, ಬರ್ತೀಯೇನೇ?" ಅಂದಾಗ ನಾನು ಅವಳ ಹಣೆ ಮುಟ್ಟಿ ನೋಡಿದೆ.

"ಜ್ವರ ಇಲ್ಲ," ಅಂದಳು. "ಒಬ್ಬಳೇ ಹೋದ್ರೂ ಕೋಣೆಗೆ ಇಬ್ಬರ ದುಡ್ಡೇ ಕಟ್ಟಬೇಕು. ಒಂದು ಹಾಸಿಗೆ ಯಾಕೆ ಸುಮ್ನೆ ಖಾಲಿ ಹೋಗ್ಬೇಕು, ಬಾ."

"ಯಾವ ಹಡಗು?"

ಅಕ್ಕ ಹೆಸರು ಹೇಳಿದಳು. ಅದೇ ಹಡಗು. ಹನ್ನೊಂದು ವರ್ಷದ ಹಿಂದೆ ಕಳ್ಳಿ ಅಂತ ಅವಳನ್ನ ಇಳಿಸಿದ ಹಡಗು.

ಅಕ್ಕ ಆ ಹಡಗಿನ ಬಾರಲ್ಲಿ ಒಂಬತ್ತು ವರ್ಷ ಪಾನೀಯ ಬಡಿಸಿದ್ದಳು. ಅಪ್ಪ ಹೋದ ಮೇಲೆ ನನ್ನ ಫೀಸು, ಅಮ್ಮನ ಔಷಧಿ, ಮನೆ ಬಾಡಿಗೆ ಎಲ್ಲಾ ಅವಳ ಆ ಸಂಬಳದಲ್ಲೇ. ಬಾರುಗಳಿಗೆಲ್ಲಾ ಒಬ್ಬ ಮ್ಯಾನೇಜರ್ ಇದ್ದ. ಕೆಲಸದವರು ಅವನಿಗೆ ಇಟ್ಟಿದ್ದ ಹೆಸರು ಬೆಣ್ಣೆ. ಬೈಯೋವಾಗಲೂ ನಗ್ತಾ ಬೈಯೋನು, ಸಂಬಳ ಕತ್ತರಿಸೋವಾಗಲೂ "ನಿಮ್ಮ ಒಳ್ಳೇದಕ್ಕೇ" ಅನ್ನೋನು. ಆ ಬೆಣ್ಣೆಯದ್ದು ಒಂದು ಪದ್ಧತಿ ಇತ್ತು. ಹಡಗಿನ ಬಿಲ್ಲಿನಲ್ಲಿ ಟಿಪ್ಸು ಮೊದಲೇ ಸೇರಿರುತ್ತೆ, ಕೆಳಗೆ ಒಂದು ಸಾಲು ಅದಕ್ಕೇ ಇದೆ. ಅದರ ಕೆಳಗೆ ಇನ್ನೊಂದು ಖಾಲಿ ಸಾಲು, ಮೇಲೆ ಏನಾದ್ರೂ ಕೊಡಬೇಕೆನ್ನೋರಿಗೆ. ಬೆಣ್ಣೆ ಎಲ್ಲರಿಗೂ ಕಲಿಸಿದ್ದೇನಪ್ಪಾ ಅಂದ್ರೆ, ಚೀಟಿಯನ್ನ ಹೀಗೆ ಮಡಿಚಿ ಕೊಡಬೇಕು, ಸೇರಿರೋ ಸಾಲು ಮಡಿಕೆಯೊಳಗೆ ಹೋಗಬೇಕು, ಖಾಲಿ ಸಾಲು ಮಾತ್ರ ಕಾಣಬೇಕು. ಜನ ಪಾಪ, ಕೊಟ್ಟಿಲ್ಲವಲ್ಲ ಅಂತ ಮತ್ತೆ ಬರೆಯೋರು. ಆ ಎರಡನೇ ಟಿಪ್ಸು ಬಡಿಸಿದವರಿಗೂ ಇಲ್ಲ, ಎಲ್ಲಾ ಬೆಣ್ಣೆಯ ಡಬ್ಬಿಗೆ.

ಒಂದು ದಿನ ನಡುಗೋ ಕೈಯಲ್ಲಿ ಪೆನ್ನು ಹಿಡಿದಿದ್ದ ಒಬ್ಬ ತಾತನಿಗೆ ಅಕ್ಕ ಚೀಟಿ ಬಿಡಿಸಿ ತೋರಿಸಿಬಿಟ್ಟಳು. "ಇದು ಆಗಲೇ ಸೇರಿದೆ ತಾತಾ, ಮತ್ತೆ ಬರೀಬೇಡಿ." ಅಷ್ಟೇ. ಮೂರನೇ ದಿನಕ್ಕೆ ಅವಳ ಪಾಳಿಯಲ್ಲಿ ನಾಲ್ಕು ಬಾಟಲಿ ಕಮ್ಮಿ ಬಂತು. ಬೆಣ್ಣೇಲಿ ಕೂದಲು ತೆಗೆದ ಹಾಗೆ ತೆಗೆದ ಅವಳನ್ನ. ಮುಂದಿನ ಬಂದರಲ್ಲಿ, ಕೆಲಸದವರೆಲ್ಲಾ ಸಾಲಾಗಿ ನೋಡ್ತಿದ್ದಾಗ, ಅವಳ ಕೈಗೆ ಒಂದು ಕಾಗದದ ಲೋಟ ಕೊಟ್ಟು, "ನೀರು ಕುಡಿದು ಹೋಗಮ್ಮ, ಬಿಸಿಲಿದೆ," ಅಂದ. ನಗ್ತಾ ಅಂದ, ಹಾಳಾದವನು.

ಕೆಲಸದಿಂದ ತೆಗೆದಾಗ ಕೊಟ್ಟ ಪತ್ರದಲ್ಲಿ 'ಕಳವು' ಅಂತ ಬರೆದಿತ್ತು. ಆ ಪತ್ರ ನೋಡಿದ ಯಾವ ಹೋಟೆಲಿನವರೂ ಅವಳನ್ನ ಗ್ಲಾಸು ತೊಳೆಯೋಕ್ಕೂ ಸೇರಿಸ್ಕೊಳ್ಳಲಿಲ್ಲ. ಕೊನೆಗೆ ಒಂದು ದೊಡ್ಡ ಲಾಂಡ್ರಿಯಲ್ಲಿ, ಹಿಂದಿನ ಬಾಗಿಲಿನ ಕೆಲಸ, ಕಂಡೋರು ಮಲಗಿದ ಹೊದಿಕೆಗಳನ್ನ ಹಬೆಯಲ್ಲಿ ಇಸ್ತ್ರಿ ಮಾಡೋದು. ಅಮ್ಮ ಒಂದೇ ಒಂದು ಸಲ ಕೇಳಿದಳು. ನಾನು ಅಲ್ಲೇ ಬಟ್ಟೆ ಮಡಿಚ್ತಾ ಕೂತಿದ್ದೆ. "ನಿಜ ಹೇಳು ಮಗಳೇ, ತಗೊಂಡ್ಯಾ?" ಅಕ್ಕ "ಇಲ್ಲಮ್ಮಾ" ಅಂದಳು. ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ಆಮೇಲೆ ಎರಡು ವರ್ಷ ಬದುಕಿದ್ದಳು, ಆ ಮಾತು ಮತ್ತೆ ಎತ್ತಲಿಲ್ಲ. ನಂಬಿದಳೋ ಇಲ್ಲವೋ, ಯಾರಿಗೆ ಗೊತ್ತು.

ನಾನು ದೊಡ್ಡಾಸ್ಪತ್ರೆಯಲ್ಲಿ ಫೋನು ಎತ್ತೋಳು. ದಿನಾ ಕಂಡಕಂಡವರ ಬೈಗುಳ ಕೇಳಿ ನನ್ನ ಕೋಪ ಯಾವಾಗಲೂ ಮೂಗಿನ ತುದೀಲೇ. "ಅಲ್ಲೇ, ಆ ಪಾಪಿಗಳ ಹಡಗಿಗೆ ನಾವೇ ದುಡ್ಡು ಸುರೀಬೇಕಾ?" ಅಂತ ರೇಗಿದೆ. ಅಕ್ಕ ಬ್ಯಾಗಿಂದ ಒಂದು ಜಾಹೀರಾತಿನ ಪುಸ್ತಕ ತೆಗೆದಳು. ಬೆಣ್ಣೆಯ ಫೋಟೋ, ಅದೇ ನಗು, ತಲೆ ಮಾತ್ರ ಬೋಳು. ಈ ಪ್ರಯಾಣ ಮುಗಿಸಿ ದಡದ ಆಫೀಸಲ್ಲಿ ದೊಡ್ಡ ಕುರ್ಚಿ ಹತ್ತುತ್ತಾರೆ, ಎಲ್ಲಾ ಹಡಗುಗಳ ಬಾರುಗಳೂ ಇವರ ಕೈಗೇ ಅಂತ ಕೆಳಗೆ ಬರೆದಿತ್ತು.

"ಟಿಕೆಟ್ಟಿನ ದುಡ್ಡು ಹಡಗಿಗೆ ಹೋಗುತ್ತೆ," ಅಂದಳು ಅಕ್ಕ. "ಅವನಿಗೆ ಹೆಸರು ತರೋದು ಕುಡಿತದ ದುಡ್ಡು. ಅದರಲ್ಲಿ ಒಂದು ಕಾಸು ಹುಟ್ಟದ ಹಾಗೆ ಮಾಡ್ತೀನಿ. ಅವನ ಹಡಗಲ್ಲೇ, ನಾಲ್ಕು ಜನರ ಮುಂದೆ, ನಾನು ಕಳ್ಳಿ ಅಲ್ಲ ಅನ್ನಿಸ್ತೀನಿ. ಇಲ್ಲದೇ ಹೋದ್ರೆ ನಾನು ನಮ್ಮಮ್ಮನ ಮಗಳೇ ಅಲ್ಲ."

ಹಡಗು ಹತ್ತೋ ಬಾಗಿಲಲ್ಲೇ ಬೆಣ್ಣೆ ನಿಂತಿದ್ದ, ಬಿಳೀ ಕೋಟು ಹಾಕ್ಕೊಂಡು, ಮೇಜಿನ ತುಂಬ ಬಣ್ಣದ ಕಾರ್ಡು ಹರಡ್ಕೊಂಡು. "ಕುಡಿಯೋ ಪ್ಯಾಕೇಜ್ ತಗೊಳ್ಳಿ ಅಮ್ಮಾ. ದಿನಕ್ಕೆ ಇಷ್ಟು ಅಂತ ಒಂದೇ ಸಲ ಕಟ್ಟಿಬಿಡಿ, ಏಳು ದಿನ ಬೇಕಾದ್ದು ಬೇಕಾದಷ್ಟು ಕುಡೀರಿ."

ಅಕ್ಕನ ಉಗುರು ನನ್ನ ಮಣಿಕಟ್ಟಿಗೆ ನಾಟಿತು. ಅವನು ಅವಳ ಮುಖವನ್ನ ನೇರವಾಗಿ ನೋಡಿದ. ಅಕ್ಕನ ಕೂದಲು ಬೆಳ್ಳಗಾಗಿದೆ, ಕನ್ನಡಕ ಬಂದಿದೆ, ನಿಜ. ಆದ್ರೂ ಒಂಬತ್ತು ವರ್ಷ ದುಡಿಸ್ಕೊಂಡವನಿಗೆ ಗುರುತೇ ಸಿಗಲಿಲ್ಲ!

"ನಾವು ನೀರು ಕುಡಿಯೋರು," ಅಂದಳು ಅಕ್ಕ.

ನಮ್ಮ ಹಿಂದೆ ಒಬ್ಬರು ಅಜ್ಜಿ, ಎಪ್ಪತ್ತೈದು ತುಂಬಿದ ಖುಷಿಗೆ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು ಅಂತ ಇಪ್ಪತ್ತೆರಡು ಜನರನ್ನ ಕಟ್ಕೊಂಡು ಬಂದಿದ್ದರು. ದೊಡ್ಡವರಿಗೆಲ್ಲಾ ಪ್ಯಾಕೇಜ್ ಕೊಡಿ ಅಂತ ಪರ್ಸು ತೆಗೆದಿದ್ದರು. ಅಕ್ಕ ಹಿಂತಿರುಗಿ, ಬೆಣ್ಣೆಗೂ ಕೇಳೋ ಹಾಗೆ, "ಅಜ್ಜೀ, ದಿನಕ್ಕೆ ಆರು ಗ್ಲಾಸು ಇಳಿಸೋರಿಗೆ ಮಾತ್ರ ಇದು ಗಿಟ್ಟೋದು. ಕೋಣೇಲಿ ಒಬ್ಬರು ತಗೊಂಡ್ರೆ ಇನ್ನೊಬ್ಬರೂ ತಗೊಳ್ಳಲೇಬೇಕು. ಮೊದಲು ವಿಚಾರಿಸಿ," ಅಂದಳು.

ಅಜ್ಜಿ ಅಳಿಯಂದಿರ ಕಡೆ ತಿರುಗಿದರು. "ದಿನಕ್ಕೆ ಆರು ಕುಡಿಯೋರು ಕೈ ಎತ್ರಪ್ಪಾ." ಯಾರೂ ಎತ್ತಲಿಲ್ಲ. ಒಬ್ಬ ಅಳಿಯನ ಕೈ ಅರ್ಧಕ್ಕೆ ಬಂದಿತ್ತು, ಅವನ ಹೆಂಡತಿ ಹಿಡಿದು ಕೆಳಗೆ ಎಳೆದಳು. ಪರ್ಸು ಮುಚ್ಚಿಕೊಂಡಿತು. ಬೆಣ್ಣೆ ನಗ್ತಾನೇ ಇದ್ದ, ಆದ್ರೆ ಕಿವಿ ಕೆಂಪಾಗಿತ್ತು.

ಅವತ್ತಿಂದ ಶುರುವಾಯ್ತು ನೋಡಿ ಅಕ್ಕನ ಪಾಠಶಾಲೆ. ಊಟದ ಹಾಲಿನ ಪಕ್ಕದಲ್ಲಿ ನೀರಿನ ನಲ್ಲಿ, ಅದಕ್ಕೆ ಹತ್ತು ಹೆಜ್ಜೆ ದೂರದಲ್ಲಿ ದೊಡ್ಡ ಬಾರು. ಅಕ್ಕ ಬೇಕಂತಲೇ ಅಲ್ಲಿ ಕುರ್ಚಿ ಹಾಕ್ಕೊಂಡು ಕೂತು ಬಂದವರಿಗೆಲ್ಲಾ ಹೇಳೋಳು: ಊಟದ ಹಾಲಲ್ಲಿ ನಿಂಬೆ ಪಾನಕ, ಟೀ, ಕಾಫಿ ದಿನವಿಡೀ ಬಿಟ್ಟಿ, ಬಾಟಲಿ ತಂದು ತುಂಬಿಸ್ಕೊಳ್ಳಿ. ತಲೆಗೊಂದು ವೈನ್ ಬಾಟಲಿ ದಡದಿಂದ ತರೋಕ್ಕೆ ಹಡಗಿನವರೇ ಬಿಡ್ತಾರೆ. ಊಟದ ಮೇಜಲ್ಲಿ ಬಿಚ್ಚಿದ್ರೆ ಅದಕ್ಕೂ ದುಡ್ಡು ಕೀಳ್ತಾರೆ, ಕೋಣೇಲಿ ಬಿಚ್ಚಿ. ಕ್ಯಾಪ್ಟನ್ನಿನ ಸ್ವಾಗತ ಕೂಟದಲ್ಲಿ ತಟ್ಟೆ ತಟ್ಟೆ ವೈನ್ ಸುಮ್ನೆ ಹಂಚ್ತಾರೆ. ಅಡುಗೆಮನೆ ಬಾಗಿಲ ಹತ್ರ ನಿಲ್ಲಿ, ತಟ್ಟೆ ಬರೋದೇ ಅಲ್ಲಿಂದ. ಚಿತ್ರಗಳ ಹರಾಜಿಗೆ ಹೋಗಿ ಕೂತ್ರೂ ಒಂದು ಗ್ಲಾಸು ಸಿಗುತ್ತೆ. ಕುಡೀರಿ, ಆದ್ರೆ ಸೊಳ್ಳೆ ಕಚ್ಚಿದ್ರೂ ಕೈ ಎತ್ತಬೇಡಿ. ಮೇಲಿನ ಬಾರಲ್ಲಿ ಮಧ್ಯಾಹ್ನ ಒಂದು ಗಂಟೆ ಅರ್ಧ ಬೆಲೆ ಇರುತ್ತೆ, ಎಲ್ಲೂ ಬರೆದಿರಲ್ಲ, ಬಾಯಿ ಬಿಟ್ಟು ಕೇಳಬೇಕು. ಕುಡಿದ್ರೆ ಚೀಟಿ ಬಿಸಾಕಬೇಡಿ, ನನಗೆ ತಂದು ಕೊಡಿ.

ಪುಕ್ಕಟೆ ಅಂದ್ರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನೋ ಜನ. ಮೂರನೇ ದಿನಕ್ಕೆ ಆ ನಲ್ಲಿ ಮುಂದೆ ಸಾಲು, ಬಾರಿನ ಮುಂದೆ ನೊಣ. ಅರ್ಧ ಕೈ ಎತ್ತಿದ್ದ ಅಳಿಯ ಬಂದು, "ಅಕ್ಕಾ, ಬಾಯಿ ಮುಕ್ಕಳಿಸೋ ಔಷಧಿ ಬಾಟಲೀಲಿ ಹೆಂಡ ತುಂಬಿ ಒಳಗೆ ತರಬಹುದಂತೆ, ಬಂದರಲ್ಲಿ ಮಾಡೋಣ್ವಾ?" ಅಂತ ಪಿಸುಗುಟ್ಟಿದ. ಅಕ್ಕ ಎದ್ದು ನಿಂತುಬಿಟ್ಟಳು. "ಒಂದು ಹನಿ ಕದ್ದು ತಂದ್ರೆ ನನ್ನ ಹತ್ರ ಬರಬೇಡ! ಇಲ್ಲಿ ನಾನು ಹೇಳೋದೆಲ್ಲಾ ಅವರದ್ದೇ ನಿಯಮ." ಆ ಆಸಾಮಿ ಹೆದರಿ ನಿಂಬೆ ಪಾನಕ ಕುಡಿದು ಹೋದ.

ಅದೇ ದಿನ ಈಜುಕೊಳದ ಬಾರಲ್ಲಿ ಅಕ್ಕ ಅಜ್ಜಿಗೋಸ್ಕರ ಮೂರು ಗ್ಲಾಸು ನೀರನ್ನ ಒಂದೇ ಕೈಯಲ್ಲಿ ಎತ್ತಿಕೊಂಡು ತಿರುಗಿದಳು. ಬಾರಿನ ಹಿಂದೆ ನಿಂತಿದ್ದ ಕುಳ್ಳನೆಯ ಮನುಷ್ಯ ಕೈಯಲ್ಲಿದ್ದ ಬಟ್ಟೆ ಬಿಟ್ಟ. ಆ ಕೈ ಅವನಿಗೆ ಗುರುತು. ಹಡಗಲ್ಲಿ ಅವನನ್ನ ಎಲ್ಲರೂ ಕುಳ್ಳಣ್ಣ ಅಂತಲೇ ಕರೆಯೋದು, ಅಕ್ಕನ ಜೊತೆ ಒಂಬತ್ತು ವರ್ಷ ಅದೇ ಬಾರಲ್ಲಿ ಇದ್ದವನು.

"ನೀನಾ ತಂಗೀ?"

"ನಾನೇ. ಆ ನಾಲ್ಕು ಬಾಟಲಿ ಎಲ್ಲಿಗೆ ಹೋಯ್ತು ಅಂತ ನಿನಗೆ ಗೊತ್ತಿತ್ತು, ಅಲ್ವಾ?"

ಅವನು ತಲೆ ತಗ್ಗಿಸಿದ. "ನಂಗೆ ಇಬ್ಬರು ಮಕ್ಕಳಿದ್ರು ತಂಗೀ."

"ನಂಗೆ ಅಮ್ಮ ಇದ್ದಳು," ಅಂದಳು ಅಕ್ಕ. ಮೂರು ಗ್ಲಾಸು ನೀರು ಒಂದು ಹನಿ ತುಳುಕದ ಹಾಗೆ ತಗೊಂಡು ಬಂದಳು.

ಐದನೇ ದಿನ ಬೆಣ್ಣೆ ತಾನೇ ನಮ್ಮ ಕುರ್ಚಿ ಹತ್ರ ಬಂದ. "ಅಮ್ಮಾ, ನಿಮ್ಮಿಬ್ಬರಿಗೆ ನನ್ನ ಕಡೆಯಿಂದ ಎರಡು ಗ್ಲಾಸು, ಬೇಕಾದ್ದು ಕೇಳಿ. ಸುಮ್ನೆ ಬೇರೆಯವರ ರಜಾ ಯಾಕೆ ಹಾಳು ಮಾಡ್ತೀರಿ?" ಮೂಗಿಗೆ ತುಪ್ಪ ಸವರೋಕ್ಕೆ ಬಂದಿದ್ದ. ಅವನ ಕಣ್ಣ ಕೆಳಗೆ ಕಪ್ಪಾಗಿತ್ತು, ರಾತ್ರಿ ನಿದ್ದೆ ಇಲ್ಲ ಅಂತ ಗೊತ್ತಾಗ್ತಿತ್ತು. ನೋಡಿ ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು, ಸುಳ್ಳು ಯಾಕೆ ಹೇಳಲಿ.

"ನಾವು ನೀರು ಕುಡಿಯೋರು ಅಂದೆನಲ್ಲ," ಅಂದಳು ಅಕ್ಕ.

ಅವನು ಆ ಕಡೆ ಹೋದ ಮೇಲೆ ಅವಳು ಅಜ್ಜಿಯನ್ನ ಕರೆದು, ಒಂದು ಚೀಟಿ ಕೈಗೆ ಕೊಟ್ಟು, "ಇದರ ಮಡಿಕೆ ಬಿಡಿಸಿ ನೋಡಿ," ಅಂದಳು. ಅಜ್ಜಿ ಬಿಡಿಸಿದರು. ಕನ್ನಡಕ ಏರಿಸಿ ಓದಿದರು. ಆಮೇಲೆ ಅವರ ಬಾಯಿಂದ ಬಂದ ಮಾತನ್ನ ಇಲ್ಲಿ ಬರೆಯೋಕ್ಕಾಗಲ್ಲ. ಅಜ್ಜಿ ಆ ಸುದ್ದಿಯನ್ನ ಹಡಗಿಗೆಲ್ಲಾ ಹಬ್ಬಿಸಿದರು. ಆರನೇ ದಿನ ಬೆಳಿಗ್ಗೆ ತಿಂಡಿ ಹೊತ್ತಿಗೆ ಹಡಗಿನ ಮುಂಭಾಗದ ಕೌಂಟರಿನ ಮುಂದೆ ಇನ್ನೂರು ಜನ, ಎಲ್ಲರ ಕೈಯಲ್ಲೂ ಬಿಡಿಸಿದ ಚೀಟಿ.

ಪ್ರಯಾಣಿಕರನ್ನ ನೋಡ್ಕೊಳ್ಳೋ ಅಧಿಕಾರಿಣಿ ಒಬ್ಬಳು, ಎತ್ತರದ ಗಂಭೀರ ಹೆಂಗಸು, ಬೆಣ್ಣೆಯನ್ನ ಅಲ್ಲಿಗೇ ಕರೆಸಿದಳು. ಬೆಣ್ಣೆ ಬಂದ, ನೋಡಿದ, ಒಂದು ಗಳಿಗೆ ಯೋಚಿಸಿದ. ಆಮೇಲೆ ಅದೇ ನಗು.

"ನನ್ನ ಗಮನಕ್ಕೇ ಬಂದಿಲ್ಲ ಮೇಡಂ. ಇದು ಈಜುಕೊಳದ ಬಾರಿನ ಆ ಕುಳ್ಳನ ಕೆಲಸ. ಮೊದಲಿಂದಲೂ ನನಗೆ ಅವನ ಮೇಲೆ ಅನುಮಾನ ಇತ್ತು. ನಾಳೆ ಬೆಳಿಗ್ಗೆ ದಡ ಮುಟ್ಟಿದ ತಕ್ಷಣ ಇಳಿಸಿಬಿಡ್ತೀನಿ."

ತಾನು ತಿಂದು ಮೇಕೆ ಬಾಯಿಗೆ ಒರೆಸೋ ಬುದ್ಧಿ ಹನ್ನೊಂದು ವರ್ಷವಾದ್ರೂ ಹೋಗಿಲ್ಲ! ಕುಳ್ಳಣ್ಣ ಕಂಬದ ಪಕ್ಕ ನಿಂತಿದ್ದ, ಮುಖ ಬಿಳುಚಿಕೊಂಡು. ಅಕ್ಕನ ಮಡಿಲಲ್ಲಿ ಚೀಟಿಗಳ ಚೀಲ ಇತ್ತು. ನಾನು ಅವಳ ಕಿವೀಲಿ, "ಬಿಡೇ. ಅವನೂ ಅನುಭವಿಸಲಿ. ಮಾಡಿದ್ದುಣ್ಣೋ ಮಹರಾಯ. ನಿನ್ನನ್ನ ಇಳಿಸಿದಾಗ ಅವನು ಬಾಯಿಗೆ ಬೀಗ ಹಾಕ್ಕೊಂಡಿರಲಿಲ್ವಾ?" ಅಂದೆ.

ಅಕ್ಕ ನನ್ನ ಕಡೆ ತಿರುಗಿ ಒಂದು ನೋಟ ನೋಡಿದಳು. ಆ ನೋಟ ನನಗೆ ಅರ್ಥವಾಗಲಿಲ್ಲ ಆಗ. ಎದ್ದು ನೇರ ಕುಳ್ಳಣ್ಣನ ಹತ್ರ ಹೋದಳು.

"ಬಾಯಿ ಬಿಡ್ತೀಯಾ, ಇಲ್ಲ ಇಳೀತೀಯಾ?"

ಅವನು ಬೆಣ್ಣೆಯನ್ನ ನೋಡಿದ. ಅಕ್ಕನ್ನ ನೋಡಿದ.

"ಹನ್ನೊಂದು ವರ್ಷದ ಹಿಂದೆ ಈಕೆಯನ್ನ ನಾಲ್ಕು ಬಾಟಲಿ ಕದ್ದಳು ಅಂತ ಇಳಿಸಿದ್ರು ಮೇಡಂ," ಅಂದ. ಧ್ವನಿ ನಡುಗ್ತಿತ್ತು, ಆದ್ರೂ ನಿಲ್ಲಿಸಲಿಲ್ಲ. "ಈಕೆ ಮುಟ್ಟಿಲ್ಲ. ಆ ನಾಲ್ಕು ಬಾಟಲಿ ಸಾಹೇಬ್ರ ಕೋಣೆಗೆ ಹೋಯ್ತು. ತಗೊಂಡು ಹೋಗಿ ಇಟ್ಟಿದ್ದು ನಾನೇ. ಇಡು ಅಂದಿದ್ದು ಅವರು. ಚೀಟಿ ಮಡಚೋದನ್ನ ಕಲಿಸಿದ್ದೂ ಅವರೇ."

"ಸುಳ್ಳು," ಅಂದ ಬೆಣ್ಣೆ. "ಯಾವ ನಾಲ್ಕು ಬಾಟಲಿ? ಯಾರಮ್ಮಾ ನೀನು?"

ಅಕ್ಕ ಮುಂದೆ ಬಂದಳು. ಕೌಂಟರಿನ ಮೇಲೆ ಚೀಲ ಮಗುಚಿದಳು. ಎಂಟು ಕಟ್ಟು, ಎಂಟು ಬಾರಿನದ್ದು, ಒಂದೊಂದಕ್ಕೂ ಲಾಂಡ್ರಿಯ ಪಿನ್ನು ಹಾಕಿ ಇಟ್ಟಿದ್ದಳು. "ಮೇಡಂ, ಎಲ್ಲಾ ಚೀಟಿಯ ಮೇಲೂ ಬಾರಿನ ಹೆಸರಿದೆ, ಗಂಟೆ ಇದೆ. ಮಡಿಕೆ ನೋಡಿ, ಎಲ್ಲದರಲ್ಲೂ ಅದೇ ಸಾಲಿನ ಮೇಲೆ. ಈ ಕುಳ್ಳ ಎಂಟು ಬಾರಲ್ಲೂ ಒಂದೇ ಗಂಟೇಲಿ ನಿಂತಿದ್ದನಾ?"

ಅಧಿಕಾರಿಣಿ ಒಂದೊಂದಾಗಿ ನೋಡಿದಳು. ಆಮೇಲೆ ಮೇಲಿನ ಬಾರಿನ ಹುಡುಗಿಯನ್ನ ಕರೆಸಿ, "ಮಡಚೋದು ಯಾರು ಕಲಿಸಿದ್ರು?" ಅಂದಳು. ಅವಳು ಬೆಣ್ಣೆ ಕಡೆ ಬೆರಳು ತೋರಿಸಿದಳು. ಇನ್ನೊಬ್ಬನನ್ನ ಕರೆದಳು, ಅವನೂ ಅಷ್ಟೇ. ಒಬ್ಬರು ಬಾಯಿ ಬಿಟ್ಟ ಮೇಲೆ ಉಳಿದವರ ಬಾಯಿ ತೆರೆಯೋದು ಎಷ್ಟು ಹೊತ್ತು? ಬೆಣ್ಣೆಯ ನಗು ಇಷ್ಟಿಷ್ಟೇ ಕರಗಿತು. ನಾನು ಕಣ್ಣು ಮಿಟುಕಿಸದೆ ನೋಡಿದೆ, ಒಂದು ಚೂರೂ ಬಿಡಲಿಲ್ಲ.

ಅಧಿಕಾರಿಣಿ ಅಕ್ಕನ ಹಳೇ ಪತ್ರ ಕೇಳಿ ಓದಿ, "ಇದನ್ನ ತಿದ್ದಿಸಿ ಮನೆಗೆ ಕಳಿಸ್ತೀವಮ್ಮಾ," ಅಂದಳು. ಅಕ್ಕ, "ಕಳಿಸಿ," ಅಂದಳು. ಖಾಲಿ ಚೀಲ ಮಡಿಚ್ತಾ, "ತೋರಿಸಬೇಕಾದವಳು ಇಲ್ಲ, ಆದ್ರೂ ಕಳಿಸಿ," ಅಂದಳು.

ಕೊನೇ ದಿನ ಬೆಳಿಗ್ಗೆ ಬಿಸಿಲು ಚುರುಕಾಗಿತ್ತು. ಕೆಲಸದವರು ಇಳಿಯೋ ಹಿಂದಿನ ಮೆಟ್ಟಿಲಲ್ಲಿ ಬೆಣ್ಣೆಯನ್ನ ಇಳಿಸ್ತಿದ್ದರು, ಕೋಟಿಲ್ಲ, ಎರಡು ಪೆಟ್ಟಿಗೆ, ಪಕ್ಕದಲ್ಲಿ ಒಬ್ಬ ಕಾವಲುಗಾರ. ಕೆಲಸದವರೆಲ್ಲಾ ಸಾಲಾಗಿ ನೋಡ್ತಿದ್ದರು. ಅಕ್ಕ ಊಟದ ಹಾಲಿನ ನಲ್ಲಿಯಿಂದ ಕಾಗದದ ಲೋಟದಲ್ಲಿ ನೀರು ಹಿಡಿದುಕೊಂಡು, ಯಾರನ್ನೂ ಕೇಳದೆ ಆ ಮೆಟ್ಟಿಲ ತನಕ ನಡೆದಳು. ನಾನು ಹಿಂದೆಯೇ. ಅವಳು ಲೋಟ ಚಾಚಿದಳು.

"ನೀರು ಕುಡಿದು ಹೋಗಿ ಸಾರ್, ಬಿಸಿಲಿದೆ."

ಅವನು ಲೋಟ ನೋಡಿದ. ಅವಳ ಮುಖ ನೋಡಿದ. ಆಗ, ಆ ಲೋಟ ಕಂಡ ಮೇಲೆ ಸಿಕ್ಕಿತು ಅವನಿಗೆ ಗುರುತು. ಎರಡು ಕೈಯಲ್ಲೂ ಪೆಟ್ಟಿಗೆ ಇತ್ತು, ಲೋಟ ತಗೊಳ್ಳೋಕ್ಕೂ ಆಗಲಿಲ್ಲ, ತಳ್ಳೋಕ್ಕೂ ಆಗಲಿಲ್ಲ. ಅಕ್ಕ ಲೋಟ ಹಿಡ್ಕೊಂಡೇ ನಿಂತಿದ್ದಳು, ಅವನೇ ತಲೆ ಬಗ್ಗಿಸಿ ಇಳಿದು ಹೋಗೋ ತನಕ.

ನಾನು ಕುಣೀತಾ ಕೋಣೆಗೆ ಬಂದೆ. "ಹೊಟ್ಟೆ ತಣ್ಣಗಾಯ್ತು ಕಣೇ! ಅಮ್ಮ ಇರಬೇಕಿತ್ತು. ಆ ಕುಳ್ಳ ಹೇಳಿದ್ದನ್ನ ಅಮ್ಮ ಒಂದು ಸಲ ಕೇಳಬೇಕಿತ್ತು."

ಅಕ್ಕ ಆ ಲೋಟವನ್ನ ಮೇಜಿನ ಮೇಲಿಟ್ಟು, ಹಾಸಿಗೆಯ ಹೊದಿಕೆ ಮಡಿಚೋಕ್ಕೆ ಶುರು ಮಾಡಿದಳು. ಇಲ್ಲಿ ಮಡಿಚೋದು ಅವಳ ಕೆಲಸ ಅಲ್ಲ, ಆದ್ರೂ ಕೈ ಸುಮ್ನಿರಲ್ಲ.

"ಅಮ್ಮ ಕೇಳಿದ ದಿನ ನೀನು ಅಲ್ಲೇ ಕೂತು ಬಟ್ಟೆ ಮಡಿಚ್ತಿದ್ದೆ," ಅಂದಳು. "ನಾನು ಇಲ್ಲಮ್ಮಾ ಅಂದೆ. ಅಮ್ಮ ನಿನ್ನ ಮುಖ ನೋಡಿದಳು. ನನ್ನ ಮುಖ ಅಲ್ಲ, ನಿನ್ನ ಮುಖ. ಅಕ್ಕ ಅಂಥವಳಲ್ಲ ಬಿಡಮ್ಮಾ ಅಂತ ನೀನು ಒಂದು ಮಾತು ಅಂದಿದ್ರೆ ಸಾಕಿತ್ತು. ನೀನು ತಲೆ ತಗ್ಗಿಸಿದೆ. ಆಮೇಲೆ ಅಮ್ಮ ಗೋಡೆ ಕಡೆ ತಿರುಗಿದಳು."

ನಾನು ಹೊದಿಕೆಯ ಇನ್ನೊಂದು ಅಂಚು ಹಿಡಿಯೋಕ್ಕೆ ಹೋದೆ, ಅವಳು ಬಿಡಲಿಲ್ಲ.

"ಒಂದು ಹಾಸಿಗೆ ಖಾಲಿ ಹೋಗುತ್ತೆ ಅಂತ ನಿನ್ನನ್ನ ಕರ್ಕೊಂಡು ಬಂದೆ ಅಂದ್ಕೊಂಡ್ಯಾ? ನಾನು ಮುಟ್ಟಿಲ್ಲ ಅಂತ ಯಾರಾದ್ರೂ ಬಾಯಿ ಬಿಡೋದನ್ನ ನೀನು ನಿಂತು ಕೇಳಬೇಕಿತ್ತು. ಅದಕ್ಕೆ."

ಸುಳ್ಳು ಹೇಳೋಕ್ಕೆ ಜಾಗ ಇರಲಿಲ್ಲ. ಇಷ್ಟು ವರ್ಷ ಬೆಣ್ಣೆಗೆ ಶಾಪ ಹಾಕಿದ್ದೂ ನಾನೇ, ಒಂದು ಬಾಟಲಿಯಾದ್ರೂ ತಗೊಂಡಿರಬಹುದೇನೋ, ನಮಗೋಸ್ಕರ ತಾನೇ, ಅಂತ ಒಳಗೊಳಗೇ ಅಂದ್ಕೊಂಡಿದ್ದೂ ನಾನೇ. ಅವಳು ಕಳಿಸಿದ ದುಡ್ಡಲ್ಲಿ ಓದಿದವಳು ನಾನೇ. "ಅಂದ್ಕೊಂಡಿದ್ದೆ ಅಕ್ಕಾ," ಅಂದೆ. "ನಾನೂ ಅಂದ್ಕೊಂಡಿದ್ದೆ." ಮುಂದಕ್ಕೆ ಕೆಮ್ಮು ಬಂತು, ಕೂತುಬಿಟ್ಟೆ.

ಅಕ್ಕ ಹೊದಿಕೆಯ ಕೊನೇ ಮಡಿಕೆ ಹಾಕಿ, ಅಂಗೈಯಲ್ಲಿ ಒತ್ತಿ ಸಮ ಮಾಡಿದಳು. ಆಮೇಲೆ ಮೇಜಿನ ಮೇಲಿದ್ದ ಆ ಕಾಗದದ ಲೋಟವನ್ನ, ಬೆಣ್ಣೆ ಮುಟ್ಟದೆ ಹೋದ ಅದೇ ಲೋಟವನ್ನ, ನನ್ನ ಮುಂದೆ ಹಿಡಿದಳು.

"ನೀರು ಕುಡಿ," ಅಂದಳು.

ನಾನು ಎರಡೂ ಕೈ ಚಾಚಿ ತಗೊಂಡು ಪೂರ್ತಿ ಕುಡಿದೆ.